ಐದು ಎಚ್‌ಪಿ ಎಂದರೆ ಎಷ್ಟು?

ನಮ್ಮ ತಾತನ ಆಲೆಮನೆಯಲ್ಲಿ ಗಾಣ ತಿರುಗಿಸುತ್ತಿದ್ದದ್ದು ಎತ್ತು. ಅಪ್ಪನ ಕಾಲಕ್ಕೆ ಡಗಡಗ ಅನ್ನುವ ಡೀಸೆಲ್ ಎಂಜಿನ್ ಬಂತು. ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಅದರ ಜಾಗದಲ್ಲಿ ಹತ್ತು ಎಚ್‌ಪಿ ಮೋಟರ್ ಕೂತಿತ್ತು. ಎಳೆಯುವವರು ಎರಡು ಸಲ ಬದಲಾದರೂ ಕಬ್ಬು ಅರೆಯುವ ಉರುಳೆಗಳು ಮಾತ್ರ ಮೂರೂ ಕಾಲದಲ್ಲಿ ಸಾವಕಾಶವಾಗಿಯೇ ತಿರುಗಿದವು. ಮೋಟರು ನಿಮಿಷಕ್ಕೆ 1440 ಸುತ್ತು, ಉರುಳೆ ಹತ್ತೇ ಸುತ್ತು. ನಡುವೆ ಉದ್ದನೆಯ ಒಂದು ಬೆಲ್ಟು, ಗ್ರೀಸು ಮೆತ್ತಿಕೊಂಡ ಹಲ್ಲುಚಕ್ರಗಳು. ಅಷ್ಟು ಜೋರಾಗಿ ಓಡುವುದನ್ನು ತಂದು, ಮತ್ತೆ ಇಷ್ಟು ನಿಧಾನ ಮಾಡುವುದಕ್ಕೆ ಇಷ್ಟೆಲ್ಲ ಕಬ್ಬಿಣ ಯಾಕೆ ಎಂದು ಅಪ್ಪನನ್ನು ಕೇಳಿದ್ದೆ. 'ಮೋಟ್ರುಗೆ ಓಡೋದು ಗೊತ್ತು, ಅರಿಯೋದು ಗೊತ್ತಿಲ್ಲ ಕಣ್ಲಾ' ಅಂದರು. ಆಮೇಲೆ ಡಿಪ್ಲೊಮಾದಲ್ಲಿ ಮೂರು ವರ್ಷ ಓದಿದ್ದು ಬಹುಪಾಲು ಇದೇ ಮಾತಿನ ವಿಸ್ತರಣೆ.

ವಿದ್ಯುತ್ತಿನ ಬಗ್ಗೆ ಮಾತಾಡುವಾಗ ನಮ್ಮಲ್ಲಿ ಗೊಂದಲ ಶುರುವಾಗುವುದೇ ಪದಗಳಿಂದ. ಬಲ, ಶಕ್ತಿ, ಸಾಮರ್ಥ್ಯ ಮೂರನ್ನೂ ಶಾಲೆಯ ಪುಸ್ತಕ ಬೇರೆ ಬೇರೆ ಇಡುತ್ತದೆ. ಮನೆಯಲ್ಲಿ ಅವು ಒಂದೇ. 'ಕರೆಂಟು' ಎಂಬ ಒಂದೇ ಮಾತು ವೋಲ್ಟೇಜಿಗೂ ಆಂಪಿಯರಿಗೂ ಯೂನಿಟ್ಟಿಗೂ ಕೊನೆಗೆ ಬಿಲ್ಲಿಗೂ ಸಲ್ಲುತ್ತದೆ. ದಿನವೊಂದಕ್ಕೆ ಇಷ್ಟು ಮೆಗಾವ್ಯಾಟ್ ಬಳಕೆಯಾಯಿತು ಎಂದು ಸುದ್ದಿಯಲ್ಲಿ ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಗಂಟೆಗೆ ಎಂಬತ್ತು ಕಿಲೋಮೀಟರ್ ದೂರ ಎಂದಂತೆ ಅದು.

ಐವತ್ತು ಕೆಜಿಯ ಅಕ್ಕಿ ಮೂಟೆಯನ್ನು ಹತ್ತು ಮೀಟರ್ ಎತ್ತರದ ಮಹಡಿಗೆ ಏರಿಸಬೇಕು ಎಂದಿಟ್ಟುಕೊಳ್ಳಿ. ಹಮಾಲಿ ಹೊತ್ತು ಏರಲಿ, ರಾಟೆಗೆ ಹಗ್ಗ ಕಟ್ಟಿ ಎಳೆಯಲಿ, ಲಿಫ್ಟಿನಲ್ಲಿಟ್ಟು ಕಳಿಸಲಿ, ಮೂಟೆಯ ಪಾಲಿಗೆ ಬೇಕಾದದ್ದು 4,905 ಜೂಲ್. ಅದು ಶಕ್ತಿ. ಹತ್ತು ಸೆಕೆಂಡಿನಲ್ಲಿ ಏರಿಸಿದರೆ 490 ವ್ಯಾಟ್, ಒಂದು ನಿಮಿಷ ತೆಗೆದುಕೊಂಡರೆ 82 ವ್ಯಾಟ್. ಅದು ಸಾಮರ್ಥ್ಯ, ಅಂದರೆ ಶಕ್ತಿ ವ್ಯಯವಾಗುವ ದರ. ಮೀಟರ್ ಎಣಿಸುವ ಒಂದು ಯೂನಿಟ್ಟು ಸಾವಿರ ವ್ಯಾಟಿನ ದರದಲ್ಲಿ ಒಂದು ಗಂಟೆ ಖರ್ಚಾದ ಶಕ್ತಿ, 36 ಲಕ್ಷ ಜೂಲ್. ನಮ್ಮ ಮೂಟೆಯನ್ನು 734 ಸಲ ಮಹಡಿಗೆ ಏರಿಸುವಷ್ಟು, ಹಮಾಲಿಯ ಮೈತೂಕ ಲೆಕ್ಕಕ್ಕೆ ಹಿಡಿಯದೆ! ಮೈಗಟ್ಟಿನ ಆಳು ದಿನವಿಡೀ ದುಡಿದರೆ ಸರಾಸರಿ 75 ವ್ಯಾಟ್ ಕೊಡಬಲ್ಲ. ಎಂಟು ಗಂಟೆಗೆ 600 ವ್ಯಾಟ್-ಗಂಟೆ, ಅಂದರೆ ಮುಕ್ಕಾಲು ಯೂನಿಟ್ಟೂ ಇಲ್ಲ. ಈ ಲೆಕ್ಕವನ್ನು ನಮ್ಮ ಆಲೆಮನೆಯ ಆಳುಗಳಿಗೆ ಒಮ್ಮೆ ಹೇಳಿದೆ. ಯಾರಿಗೂ ರುಚಿಸಲಿಲ್ಲ, ರುಚಿಸಬೇಕಾಗಿಯೂ ಇರಲಿಲ್ಲ.

ಎಚ್‌ಪಿ ಎಂದರೆ ಹಾರ್ಸ್‌ಪವರ್, ಕುದುರೆಯ ಸಾಮರ್ಥ್ಯ. ಕುದುರೆ ಈ ಲೆಕ್ಕದೊಳಗೆ ಬಂದದ್ದು ವ್ಯಾಪಾರದ ಕಾರಣಕ್ಕೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜೇಮ್ಸ್ ವಾಟ್ ಮತ್ತು ಅವನ ಪಾಲುದಾರ ಬೋಲ್ಟನ್, ಹಳೆಯ ಉಗಿ ಎಂಜಿನ್‌ಗೆ ಹೋಲಿಸಿದರೆ ಉಳಿತಾಯವಾಗುವ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಪಾಲನ್ನು ಗಣಿ ಮಾಲೀಕರಿಂದ ಶುಲ್ಕವಾಗಿ ಕೇಳುತ್ತಿದ್ದರು. ಕುದುರೆ ಕಟ್ಟಿ ಗಿರಣಿ ತಿರುಗಿಸುತ್ತಿದ್ದವನಿಗೆ ಕಲ್ಲಿದ್ದಲೇ ಇಲ್ಲವಲ್ಲ, ಉಳಿತಾಯ ತೋರಿಸುವುದೆಲ್ಲಿ? ಹಾಗಾಗಿ ಎಂಜಿನ್ ಎಷ್ಟು ಕುದುರೆಗೆ ಸಮ ಎಂದು ಹೇಳಬೇಕಾಯಿತು. ನಿಮಿಷಕ್ಕೆ 33,000 ಪೌಂಡ್ ಭಾರವನ್ನು ಒಂದಡಿ ಎತ್ತುವುದು ಒಂದು ಕುದುರೆಯ ಕೆಲಸ ಎಂದು ವಾಟ್ ನಿಗದಿ ಮಾಡಿದ. ನಮ್ಮ ಅಳತೆಯಲ್ಲಿ 746 ವ್ಯಾಟ್. ದಿನಪೂರ್ತಿ ಹಾಗೆ ಎಳೆಯುವ ಕುದುರೆ ಸಿಗುವುದು ಕಷ್ಟ. ಎಂಜಿನ್ ಕೊಂಡವನು ಮೋಸಹೋದೆ ಎನ್ನದಿರಲಿ ಎಂದು ವಾಟ್ ಕೈಬಿಚ್ಚಿ ಅಳೆದಂತಿದೆ. ಯುರೋಪಿನ ಮೆಟ್ರಿಕ್ ಕುದುರೆ 735.5 ವ್ಯಾಟಿನದು, ತುಸು ಬಡಕಲು. ನಮ್ಮ ಒಂದು ಜೋಡಿ ಎತ್ತು ಸುಮಾರು 80 ಕೆಜಿ ಎಳೆತದೊಂದಿಗೆ ಸೆಕೆಂಡಿಗೆ 0.9 ಮೀಟರ್ ನಡೆದರೆ 706 ವ್ಯಾಟ್ ಆಗುತ್ತದೆ. ಜೋಡಿ ಎತ್ತು ಎಂದರೆ ಹೆಚ್ಚುಕಡಿಮೆ ಒಂದು ಎಚ್‌ಪಿ ಎಂದುಕೊಂಡರೆ ಅಡ್ಡಿಯಿಲ್ಲ.

ಈಗ ಗಾಣಕ್ಕೆ ಬರೋಣ. ತಾತನ ಗಾಣದ ಮರ ಹನ್ನೊಂದೂವರೆ ಅಡಿ ಉದ್ದ, ಮೂರೂವರೆ ಮೀಟರ್. ಎತ್ತು ಸುತ್ತುವ ದಾರಿ 22 ಮೀಟರ್. ಮೇಲಿನ ನಡಿಗೆಯಲ್ಲಿ ಒಂದು ಸುತ್ತಿಗೆ 24 ಸೆಕೆಂಡು ಹಿಡಿಯುತ್ತದೆ, ನಿಮಿಷಕ್ಕೆ ಎರಡೂವರೆ ಸುತ್ತು. ಗಾಣದ ನಡುಗಂಬದ ಮೇಲೆ ಬೀಳುವ ತಿರುಗಿಸುವ ಬಲ, ಅಂದರೆ ಟಾರ್ಕ್, ಒಂದು ಮೀಟರ್ ಕೋಲಿನ ತುದಿಗೆ 280 ಕೆಜಿ ತೂಗುಹಾಕಿದಷ್ಟು. ಹತ್ತು ಎಚ್‌ಪಿ ಮೋಟರಿನ ಶಾಫ್ಟಿನಲ್ಲಿ ಇದೇ ಅಳತೆ ಎಷ್ಟು ಗೊತ್ತೆ? ಬರೀ ಐದು ಕೆಜಿ. ಸಾಮರ್ಥ್ಯದಲ್ಲಿ ಹತ್ತು ಪಟ್ಟು ದೊಡ್ಡದಾದ ಮೋಟರು ಹಿಡಿತದಲ್ಲಿ ಎತ್ತಿನ ಐವತ್ತನೆಯ ಒಂದು ಪಾಲೂ ಇಲ್ಲ. ಯಾಕೆಂದರೆ ಸಾಮರ್ಥ್ಯ ಎನ್ನುವುದು ತಿರುಗಿಸುವ ಬಲ ಮತ್ತು ವೇಗದ ಗುಣಾಕಾರ. ಮೋಟರು ತನ್ನ ಪಾಲನ್ನೆಲ್ಲ ವೇಗದಲ್ಲೇ ಕೊಡುತ್ತದೆ. ಆ ವೇಗವನ್ನು ಕೊಟ್ಟು ಬಲವನ್ನು ಕೊಳ್ಳುವ ಅಂಗಡಿಯೇ ಬೆಲ್ಟು ಮತ್ತು ಹಲ್ಲುಚಕ್ರ. 1440 ಸುತ್ತನ್ನು ಹತ್ತಕ್ಕೆ ಇಳಿಸಿದರೆ ಐದು ಕೆಜಿ 144 ಪಟ್ಟು ಹಿಗ್ಗಿ ಏಳುನೂರು ದಾಟಬೇಕು. ಅಂಗಡಿಯವನ ಕಮಿಷನ್ ಕಳೆದು ಉರುಳೆಗೆ ಸುಮಾರು 650 ಸಿಗುತ್ತದೆ. ಎತ್ತಿಗೆ ಈ ಅಂಗಡಿ ಬೇಕಿರಲಿಲ್ಲ. ಅದು ಹುಟ್ಟಿನಿಂದಲೇ ನಿಧಾನ ವೇಗದ, ಭಾರೀ ಟಾರ್ಕಿನ ಎಂಜಿನ್.

ಕಮಿಷನ್ ಲೆಕ್ಕ ಹೀಗೆ. ಈ ಗಾತ್ರದ ಮೋಟರು ಕೊಂಡ ಕರೆಂಟಿನ ನೂರರಲ್ಲಿ ಸುಮಾರು 86 ಭಾಗವನ್ನು ಶಾಫ್ಟಿಗೆ ಕೊಡುತ್ತದೆ, ಉಳಿದದ್ದು ಕಾವು. ಬೆಲ್ಟು ಚೆನ್ನಾಗಿದ್ದರೆ ನೂರಕ್ಕೆ 95 ದಾಟಿಸುತ್ತದೆ. ಎಣ್ಣೆ ಕಂಡ ಪ್ರತಿ ಜೋಡಿ ಹಲ್ಲುಚಕ್ರ 97. ಇವನ್ನೆಲ್ಲ ಒಂದಕ್ಕೊಂದು ಗುಣಿಸಿದರೆ ಎರಡು ಜೋಡಿ ಚಕ್ರದ ಗಾಣದಲ್ಲಿ 77 ಉಳಿಯುತ್ತದೆ. ಸೈಕಲ್ಲಿನ ಚೈನು ಶುಚಿಯಾಗಿದ್ದರೆ ನೂರಕ್ಕೆ 97-98 ಕೊಡುವ ಪುಣ್ಯವಂತ. ತಿರುಪಿನಾಕಾರದ ವರ್ಮ್ ಗೇರು ಕೆಲವೊಮ್ಮೆ ಅರ್ಧಕ್ಕರ್ಧ ನುಂಗುತ್ತದೆ, ಆದರೆ ಹಿಮ್ಮುಖವಾಗಿ ತಿರುಗಲು ಬಹುಮಟ್ಟಿಗೆ ಬಿಡುವುದಿಲ್ಲ. ಭಾರ ಎತ್ತುವ ಕಡೆ ಅದಕ್ಕೇ ಬೆಲೆ.

ಬೆಲ್ಟಿನ ಬಗ್ಗೆ ಇನ್ನೊಂದೆರಡು ಮಾತು ಹೇಳದೆ ಮುಂದೆ ಹೋಗಲಾರೆ. ಮೋಟರಿನ ಪುಲ್ಲಿ ಆರಿಂಚಿನದಾದರೆ ಬೆಲ್ಟು ಸೆಕೆಂಡಿಗೆ ಹನ್ನೊಂದೂವರೆ ಮೀಟರ್ ಓಡುತ್ತದೆ. ಹತ್ತು ಎಚ್‌ಪಿ ದಾಟಿಸಲು ಅದರ ಬಿಗಿ ಬದಿಗೂ ಸಡಿಲ ಬದಿಗೂ ನಡುವೆ 66 ಕೆಜಿ ಎಳೆತದ ವ್ಯತ್ಯಾಸ ಇರಬೇಕು. ಕೆಲಸ ಮಾಡುವುದು ಈ ವ್ಯತ್ಯಾಸ ಮಾತ್ರ. ಹಾಗೆಂದು ಸಡಿಲ ಬದಿ ಪೂರ್ತಿ ಜೋತುಬಿದ್ದರೆ ಬೆಲ್ಟು ಪುಲ್ಲಿಯ ಮೇಲೆ ಜಾರುತ್ತದೆ. ಹಾಗಾಗಿ ಆ ಬದಿಯಲ್ಲೂ ಒಂದಷ್ಟು ಬಿಗಿ ಇಟ್ಟಿರಬೇಕು. ಆ ಬಿಗಿ ಒಂದು ಹನಿ ಕಬ್ಬಿನ ಹಾಲನ್ನೂ ಹಿಂಡುವುದಿಲ್ಲ, ಬೇರಿಂಗಿನ ಮೇಲೆ ಭಾರ ಮಾತ್ರ ಹಾಕುತ್ತದೆ, ಆದರೂ ಅದಿಲ್ಲದೆ ಗಾಣ ಇಲ್ಲ. ಈ ಮಾತು ನೆನಪಿರಲಿ, ಟಿಸಿ (ತೋಟದ ಟ್ರಾನ್ಸ್‌ಫಾರ್ಮರ್) ಹತ್ತಿರ ಹೋದಾಗ ಮತ್ತೆ ಬೇಕಾಗುತ್ತದೆ.

ಜಾರಿದಾಗ ಅಪ್ಪ ಬೆಲ್ಟಿಗೆ ರಾಳದ ಪುಡಿ ಹಾಕುತ್ತಿದ್ದರು. ಕಬ್ಬು ಹೆಚ್ಚು ತುರುಕಿದಾಗ ಅದು ಕೀರೆಂದು ಕಿರುಚಿ ರಬ್ಬರು ಸುಟ್ಟ ವಾಸನೆ ಬರುತ್ತಿತ್ತು. ಕೆಲವೊಮ್ಮೆ ಪುಲ್ಲಿಯಿಂದ ಕಳಚಿ ಹಾವಿನ ಹಾಗೆ ನೆಲದಲ್ಲಿ ಬಿದ್ದುಕೊಳ್ಳುತ್ತಿತ್ತು. ಬೈಗುಳ ತಿನ್ನುತ್ತಿದ್ದುದು ಬೆಲ್ಟು, ಆದರೆ ಅದು ಜಾರಿದ್ದರಿಂದಲೇ ಹಲ್ಲುಚಕ್ರದ ಹಲ್ಲು ಉಳಿಯುತ್ತಿತ್ತು. ಪಂಚೆಯ ತುದಿ, ಸೀರೆಯ ಸೆರಗು ಸಿಕ್ಕಿದರೆ ಮಾತ್ರ ಅದು ಜಾರುವುದಿಲ್ಲ. ಉರುಳೆಗೆ ಕಬ್ಬು ಕೊಡುವವರ ಕೈ ಹೋದ ಕಥೆ ಇಲ್ಲದ ಊರು ಕಬ್ಬಿನ ಸೀಮೆಯಲ್ಲಿ ಅಪರೂಪ. ಬೆಲ್ಟಿಗೊಂದು ತಡಿಕೆ, ಉರುಳೆಯ ಬಾಯಿಗೊಂದು ತಗಡಿನ ಮರೆ ಹಾಕಲು ಮೂಟೆ ಬೆಲ್ಲದ ಬೆಲೆಯೂ ಆಗುವುದಿಲ್ಲ.

ಇದೆಲ್ಲ ಹತ್ತು ಅಡಿ ದೂರಕ್ಕೆ ಶಕ್ತಿ ಸಾಗಿಸುವ ಕಥೆ. ಸಾವಿರ ಅಡಿಗೆ, ನೂರು ಮೈಲಿಗೆ ಸಾಗಿಸಬೇಕಾದರೆ? ನನ್ನ ಮಟ್ಟಿಗೆ ಯಂತ್ರಗಳ ಚರಿತ್ರೆಯಲ್ಲಿ ಇದಕ್ಕಿಂತ ರೋಚಕ ಪ್ರಶ್ನೆ ಇಲ್ಲ. ಹತ್ತೊಂಬತ್ತನೆಯ ಶತಮಾನದ ಕಾರ್ಖಾನೆಯಲ್ಲಿ ಒಂದೇ ಎಂಜಿನ್, ಸೂರಿನುದ್ದಕ್ಕೂ ಒಂದು ಕಬ್ಬಿಣದ ಶಾಫ್ಟು, ಅದರಿಂದ ಪ್ರತಿ ಯಂತ್ರಕ್ಕೆ ಒಂದೊಂದು ಬೆಲ್ಟು ಇಳಿಬಿದ್ದಿರುತ್ತಿತ್ತು. ಒಂದು ಮಗ್ಗ ಓಡಬೇಕಾದರೂ ಇಡೀ ಶಾಫ್ಟು ತಿರುಗಬೇಕು, ಯಾವ ಯಂತ್ರವೂ ಕೆಲಸ ಮಾಡದಾಗಲೂ ಎಂಜಿನ್ನಿನ ದೊಡ್ಡ ಪಾಲು ಶಾಫ್ಟಿನ ತಿಕ್ಕಾಟಕ್ಕೇ ಹೋಗುತ್ತಿತ್ತು. 1850ರ ಹೊತ್ತಿಗೆ ಅಲ್ಸಾಸಿನ ಹಿರ್ನ್ ಸಹೋದರರು ಕೊನೆಯಿಲ್ಲದ ತಂತಿಹಗ್ಗವನ್ನು ದೊಡ್ಡ ಚಕ್ರಗಳ ಮೇಲೆ ಓಡಿಸಿ ಬಯಲಿನಾಚೆಯ ಕಟ್ಟಡಕ್ಕೆ ಶಕ್ತಿ ಕಳಿಸಿದರು. 1866ರಲ್ಲಿ ಸ್ವಿಟ್ಜರ್ಲೆಂಡಿನ ಷಾಫ್‌ಹೌಸನ್ನಿನಲ್ಲಿ ರೈನ್ ನದಿಗೆ ಅಡ್ಡಕಟ್ಟೆ ಹಾಕಿ, ಅಲ್ಲಿನ ನೀರಿನ ಬಲವನ್ನು ಇದೇ ಹಗ್ಗಗಳಿಂದ ದಂಡೆಯ ಕಾರ್ಖಾನೆಗಳಿಗೆ ಹಂಚಿದರು. ನಮ್ಮ ಆಲೆಮನೆಯ ಬೆಲ್ಟನ್ನೇ ನದಿ ದಾಟುವಷ್ಟು ಉದ್ದ ಮಾಡಿದಂತೆ. ಪ್ಯಾರಿಸ್ಸಿನಲ್ಲಿ ಒತ್ತಿದ ಗಾಳಿಯನ್ನು ಕೊಳವೆಯಲ್ಲಿ ಮಾರಿದರು. ಲಂಡನ್ನಿನ ಬೀದಿಗಳ ಕೆಳಗೆ 1883ರಿಂದ ಭಾರೀ ಒತ್ತಡದ ನೀರು ಹರಿಸಿ ಲಿಫ್ಟು, ಕ್ರೇನುಗಳನ್ನು ನಡೆಸಿದ ಕಂಪನಿ 1977ರವರೆಗೂ ಬಾಳಿತು! ವಿದ್ಯುತ್ತು ಬಂದೊಡನೆ ಉಳಿದವೆಲ್ಲ ಓಡಿಹೋದವು ಎಂದು ಪಾಠ ಹೇಳುವವರು ಈ ಕಂಪನಿಯ ಆಯುಸ್ಸು ನೋಡಬೇಕು.

ಹಗ್ಗ, ನೀರು, ಗಾಳಿ ಮೂರರ ತೊಂದರೆಯೂ ಒಂದೇ: ದೂರ ಹೆಚ್ಚಿದಂತೆ ತಿಕ್ಕಾಟದ ಸುಂಕ ಏರುತ್ತದೆ. ವಿದ್ಯುತ್ತಿಗೂ ಸುಂಕ ಉಂಟು. ತಂತಿ ಕಾಯುತ್ತದೆ, ಆ ಕಾವು ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂದು 1840ರ ಸುಮಾರಿಗೇ ಜೂಲ್ ಕಂಡುಕೊಂಡಿದ್ದ. ಆದರೆ ವಿದ್ಯುತ್ತಿಗೆ ಒಂದು ಉಪಾಯ ಇದೆ. ಅದರ ಸಾಮರ್ಥ್ಯ ವೋಲ್ಟು ಮತ್ತು ಆಂಪಿಯರಿನ ಗುಣಾಕಾರ. ವೋಲ್ಟು ಹೆಚ್ಚಿಸಿ ಆಂಪಿಯರ್ ಇಳಿಸಿದರೆ ಅಷ್ಟೇ ಸಾಮರ್ಥ್ಯ ಕಡಿಮೆ ಸುಂಕಕ್ಕೆ ಸಾಗುತ್ತದೆ. ಗಾಣದ ಹಲ್ಲುಚಕ್ರ ವೇಗ ಕೊಟ್ಟು ಬಲ ಕೊಂಡ ಹಾಗೆ ಟ್ರಾನ್ಸ್‌ಫಾರ್ಮರ್ ಆಂಪಿಯರ್ ಕೊಟ್ಟು ವೋಲ್ಟು ಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರ್ ಎಂದರೆ ತಿರುಗದ ಗೇರ್‌ಬಾಕ್ಸು.

1891ರಲ್ಲಿ ಜರ್ಮನಿಯ ಲೌಫೆನ್ ಎಂಬಲ್ಲಿ ನೆಕಾರ್ ನದಿಯ ನೀರಿನಿಂದ ವಿದ್ಯುತ್ ಮಾಡಿ, 175 ಕಿಲೋಮೀಟರ್ ದೂರದ ಫ್ರಾಂಕ್‌ಫರ್ಟ್ ಪ್ರದರ್ಶನಕ್ಕೆ ಮೂರು ಫೇಸಿನಲ್ಲಿ ತಂದರು. ಸುಮಾರು ಮುಕ್ಕಾಲು ಪಾಲು ಶಕ್ತಿ ಸುಖವಾಗಿ ತಲುಪಿತು. ತಂದ ವಿದ್ಯುತ್ತಿನಿಂದ ಅಲ್ಲಿ ಸಾವಿರ ದೀಪ ಹೊತ್ತಿಸಿದರು, ಪಂಪು ನಡೆಸಿ ಒಂದು ಕೃತಕ ಜಲಪಾತವನ್ನೂ ಬೀಳಿಸಿದರು.

ಅದಾಗಿ ಹನ್ನೊಂದೇ ವರ್ಷಕ್ಕೆ, 1902ರಲ್ಲಿ, ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ಉದ್ದದ ತಂತಿ ಜೀವಗೊಂಡಿತು. ಯೋಜನೆಯ ಹಿಂದೆ ನಿಂತ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ನೀರು ಬೀಳುವ ಜಾಗದಲ್ಲಿ ಗಣಿ ಇಲ್ಲ, ಗಣಿಯ ಜಾಗದಲ್ಲಿ ನೀರಿಲ್ಲ. ಮೈಸೂರು ಸಂಸ್ಥಾನ ಎದುರಿಸಿದ್ದು ಸಾಗಾಟದ ಪ್ರಶ್ನೆ. ತಂತಿಯಲ್ಲಿದ್ದದ್ದು 30,000 ವೋಲ್ಟಿಗೂ ಮೇಲ್ಪಟ್ಟ ಒತ್ತಡ. ಅದೇಕೆ ಬೇಕಿತ್ತು ಎಂಬುದಕ್ಕೆ ಸುಲಭದ ಲೆಕ್ಕ, ಒಂದೇ ಫೇಸು ಎಂದುಕೊಂಡು: ನಾಲ್ಕು ಸಾವಿರ ಎಚ್‌ಪಿ ಎಂದರೆ ಸುಮಾರು 3,000 ಕಿಲೋವ್ಯಾಟ್. 400 ವೋಲ್ಟಿನಲ್ಲಿ ಕಳಿಸಿದರೆ 7,500 ಆಂಪಿಯರ್ ಹರಿಯಬೇಕು. 30,000 ವೋಲ್ಟಿನಲ್ಲಿ ನೂರೇ ಆಂಪಿಯರ್ ಸಾಕು. ಆಂಪಿಯರ್ 75 ಪಟ್ಟು ಇಳಿದರೆ ಅದೇ ತಂತಿಯಲ್ಲಿ ಕಾವಿನ ನಷ್ಟ 5,625 ಪಟ್ಟು ಇಳಿಯುತ್ತದೆ. ಈ ವರ್ಗದ ಲೆಕ್ಕ ಇಲ್ಲದಿದ್ದರೆ ಕೋಲಾರಕ್ಕೆ ಹೋಗಬೇಕಿದ್ದದ್ದು ತಂತಿಯಲ್ಲ, ತಾಮ್ರದ ತೊಲೆ. ಬೆಂಗಳೂರಿನ ಬೀದಿದೀಪಗಳಿಗೆ ಇದೇ ಶಿವನಸಮುದ್ರದ ವಿದ್ಯುತ್ ತಲುಪಿದ್ದು 1905ರ ಆಗಸ್ಟಿನಲ್ಲಿ, ಗಣಿಗಳಿಗೆ ಕೊಟ್ಟ ಮೇಲೆ.

ಅಷ್ಟು ದೂರದಿಂದ ಬಂದ ವಿದ್ಯುತ್ತನ್ನು ಕಾರ್ಖಾನೆಯೊಳಗೆ ಸರಿಯಾಗಿ ಬಳಸಲು ಲೋಕಕ್ಕೆ ಇನ್ನೂ ಕೆಲವು ದಶಕ ಬೇಕಾಯಿತು. ಮೊದಮೊದಲು ಉಗಿ ಎಂಜಿನ್ ಕಿತ್ತ ಜಾಗದಲ್ಲೇ ದೊಡ್ಡದೊಂದು ಮೋಟರು ಕೂರಿಸಿ ಅದೇ ಸೂರಿನ ಶಾಫ್ಟು, ಅದೇ ಬೆಲ್ಟುಗಳನ್ನು ತಿರುಗಿಸಿದರು. ಪ್ರತಿ ಯಂತ್ರಕ್ಕೂ ಅದರದ್ದೇ ಪುಟ್ಟ ಮೋಟರು ಕೊಡಬಹುದು, ನಡುವಿನ ಶಾಫ್ಟನ್ನೇ ತೆಗೆದುಹಾಕಬಹುದು ಎಂಬುದು ನಿಧಾನಕ್ಕೆ ಹೊಳೆಯಿತು. ಮನುಷ್ಯ ಹೊಸ ಎತ್ತಿಗೂ ಹಳೆಯ ನೊಗವನ್ನೇ ಹುಡುಕುತ್ತಾನೆ. ಚಕ್ರದೊಳಗೇ ಮೋಟರು ಇರುವ ಇಂದಿನ ಕೆಲವು ಬ್ಯಾಟರಿ ಸ್ಕೂಟರುಗಳಲ್ಲಿ ಚೈನೂ ಇಲ್ಲ, ಬೆಲ್ಟೂ ಇಲ್ಲ. ಅಂದಹಾಗೆ ಸ್ಕೂಟರಿನ ಜಾಹೀರಾತಿನಲ್ಲಿ ಬ್ಯಾಟರಿಯನ್ನು ಕಿಲೋವ್ಯಾಟ್-ಗಂಟೆಯಲ್ಲೂ ಮೋಟರನ್ನು ಕಿಲೋವ್ಯಾಟಿನಲ್ಲೂ ಬರೆದಿರುತ್ತಾರೆ. ಮೊದಲನೆಯದು ಎಷ್ಟು ದೂರ, ಎರಡನೆಯದು ಎಷ್ಟು ಜೋರು.

ತೋಟದ ಟಿಸಿಯ ಬಳಿ ಬಂದೆವು. 11,000 ವೋಲ್ಟನ್ನು 400 ಚಿಲ್ಲರೆಗೆ ಇಳಿಸುವ ಈ ಡಬ್ಬಿಯ ಮೇಲೆ 25, 63, 100 ಎಂದು ಬರೆದಿರುತ್ತದೆ. ಅದು ಕಿಲೋವ್ಯಾಟ್ ಅಲ್ಲ, ಕೆವಿಎ, ಅಂದರೆ ತಂತಿ ಹೊರುವ ಒಟ್ಟು ಕರೆಂಟಿನ ಲೆಕ್ಕ. ಮೋಟರಿಗೆ ಕೆಲಸ ಮಾಡುವ ಕರೆಂಟಿನ ಜೊತೆಗೆ ತನ್ನ ಕಬ್ಬಿಣವನ್ನು ಅಯಸ್ಕಾಂತ ಮಾಡಿಟ್ಟುಕೊಳ್ಳಲು ಇನ್ನಷ್ಟು ಕರೆಂಟು ಬೇಕು. ಅದು ಹೋಗುತ್ತದೆ, ಬರುತ್ತದೆ, ನೀರೆತ್ತುವುದಿಲ್ಲ, ಆದರೆ ತಂತಿ ಅದನ್ನೂ ಹೊರಬೇಕು. ಬೆಲ್ಟಿನ ಸಡಿಲ ಬದಿಯ ಬಿಗಿ ನೆನಪಿದೆಯಲ್ಲ, ಇದು ಅದರ ಅಣ್ಣ. ಸ್ಟಾರ್ಟರ್ ಪಕ್ಕದಲ್ಲೇ ಒಂದು ಕೆಪಾಸಿಟರ್ ಕಟ್ಟಿದರೆ ಈ ಹೋಗಿಬರುವ ಕರೆಂಟು ಅಲ್ಲಲ್ಲೇ ಸುತ್ತಾಡಿಕೊಂಡಿದ್ದು ಟಿಸಿಗೆ ಬಿಡುವು ಸಿಗುತ್ತದೆ. ಕಟ್ಟುವವರು ಕಡಿಮೆ. ಒಬ್ಬನೇ ಕಟ್ಟಿದರೆ ಲಾಭ ಅವನದಲ್ಲವಲ್ಲ, ಸಾಲಿನಲ್ಲಿರುವ ಎಲ್ಲರದು.

ಐದು ಎಚ್‌ಪಿ ಮೋಟರು ತಂತಿಯಿಂದ ಸುಮಾರು 4.7 ಕಿಲೋವ್ಯಾಟ್ ಎಳೆಯುತ್ತದೆ, ಫೇಸಿಗೆ ಎಂಟು ಆಂಪಿಯರ್. 63ರ ಟಿಸಿಗೆ ಅಂಥ ಹತ್ತು ಪಂಪ್‌ಸೆಟ್ಟು ಸರಿ. ಹದಿನೈದು ಕಟ್ಟಿದರೆ ವೋಲ್ಟು ಕುಸಿಯುತ್ತದೆ. ಬೋರಿನ ನೀರಿಗೆ ಆಳ ಕಡಿಮೆಯಾಗುವುದಿಲ್ಲವಲ್ಲ. ಪಂಪು ಅದೇ ಕೆಲಸ ಕೇಳುತ್ತದೆ, ವೋಲ್ಟು ಕೊಡದ್ದನ್ನು ಮೋಟರು ಆಂಪಿಯರಿನಲ್ಲಿ ಎಳೆಯುತ್ತದೆ. ಎಂಟು ಹತ್ತಾದರೆ ವೈಂಡಿಂಗಿನ ಕಾವು ಒಂದೂವರೆ ಪಟ್ಟು ಮೀರುತ್ತದೆ. ಎರಡೇ ಫೇಸ್ ಇದ್ದಾಗ ಕಂಡೆನ್ಸರ್ ಸಿಕ್ಕಿಸಿ ಓಡಿಸುವ ಉಪಾಯ ಹಳ್ಳಿಹಳ್ಳಿಗೂ ಗೊತ್ತು, ಅದರ ಬೆಲೆಯೂ ಇದೇ ಕಾವು. ರೀವೈಂಡಿಂಗ್ ಅಂಗಡಿಯ ಮುಂದೆ ಬೇಸಿಗೆಯಲ್ಲಿ ಸಾಲಾಗಿ ಮಲಗಿರುವ ಮೋಟರುಗಳಿಗೆ ಜೂಲನ ವರ್ಗದ ಲೆಕ್ಕವೇ ಮರಣಪತ್ರ.

ಶಕ್ತಿಯ ಕಡೆಯಿಂದ ನೋಡಿದರೆ: ಒಂದು ಯೂನಿಟ್ಟಿನಿಂದ ನೂರು ಮೀಟರ್ ಆಳದ ನೀರನ್ನು 3,670 ಲೀಟರ್ ಎತ್ತಬಹುದು, ಸುಂಕವೇ ಇಲ್ಲದಿದ್ದರೆ. ಪಂಪು ನೂರಕ್ಕೆ 55, ಮೋಟರು 75 ಕೊಟ್ಟರೆ ಮೇಲೆ ಬರುವುದು 1,500 ಲೀಟರ್. ಎರಡು ನೂರು ಮೀಟರಿಗೆ ಹೋದರೆ ಅದರರ್ಧ. ಅಂತರ್ಜಲ ಇಳಿದಷ್ಟೂ ಯೂನಿಟ್ಟು ಸವೆಯುತ್ತದೆ. ಆದರೆ ಕರ್ನಾಟಕದಲ್ಲಿ 2008ರಿಂದ ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಬಹುಪಾಲು ಕಡೆ ಮೀಟರೇ ಇಲ್ಲ. 2023ರಲ್ಲಿ ಬಂದ ಮನೆಯ ಉಚಿತ ವಿದ್ಯುತ್ತಿನ ಮಿತಿ 200 ಯೂನಿಟ್, ಅದು ಶಕ್ತಿಯ ಅಳತೆ. ತೋಟದ ಮಿತಿ ಎಚ್‌ಪಿ, ಅದು ಸಾಮರ್ಥ್ಯದ ಅಳತೆ. ಒಂದೇ ರೈತನಿಗೆ ಮನೆಯಲ್ಲಿ ಒಂದು ಮಾನ, ತೋಟದಲ್ಲಿ ಇನ್ನೊಂದು. ತೋಟದಲ್ಲಿ ಶಕ್ತಿಗೆ ಕಡಿವಾಣ ಎಂದರೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕೊಡುವುದು, ಅಷ್ಟೆ. ಉಚಿತ ಬೇಕೋ ಬೇಡವೋ ಎಂಬ ಜಗಳದಲ್ಲಿ ನಾನು ರೈತನ ಕಡೆಯವನೇ. ಅಳೆಯದೆ ಕೊಡುವುದನ್ನು ಮಾತ್ರ ಒಪ್ಪಲಾರೆ. ಎಷ್ಟು ಕೊಟ್ಟೆ ಎಂದು ಕೊಟ್ಟವನಿಗೂ ಎಷ್ಟು ಪಡೆದೆ ಎಂದು ಪಡೆದವನಿಗೂ ತಿಳಿಯದ ದಾನ ಅದು.

ಮೆಗಾವ್ಯಾಟಿನ ಹೆಮ್ಮೆಯಲ್ಲೂ ಇದೇ ಎಡವಟ್ಟು. ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟ್, ಪಾವಗಡದ ಸೌರ ಪಾರ್ಕು 2,050. ಎರಡು ಪಟ್ಟು ದೊಡ್ಡದು ಎಂದು ಬಿಡುವ ಮುನ್ನ ಸೂರ್ಯನನ್ನು ಕೇಳಬೇಕು. ವರ್ಷದ ಸರಾಸರಿಯಲ್ಲಿ ಸೌರ ಫಲಕ ತನ್ನ ಮೇಲೆ ಬರೆದ ಸಾಮರ್ಥ್ಯದ ಕಾಲುಭಾಗದಷ್ಟು, ಕೆಲವೆಡೆ ಅದಕ್ಕೂ ಕಡಿಮೆ ಕೊಡುತ್ತದೆ. ಶರಾವತಿಯ ಲಿಂಗನಮಕ್ಕಿ ಜಲಾಶಯದ ನೀರನ್ನು ಸಂಜೆ ಏಳಕ್ಕೆ ಬೇಕಾದರೂ ಬಿಡಬಹುದು, ಪಾವಗಡದ ಬಿಸಿಲನ್ನು ಬಿಡಲಾಗದು. ಪಂಪ್‌ಸೆಟ್ಟುಗಳನ್ನು ಹಗಲಿಗೆ ತಿರುಗಿಸಿದರೆ ಒಂದಕ್ಕೊಂದು ಹೊಂದುತ್ತದೆ ಎಂಬುದು ಒಳ್ಳೆಯ ಲೆಕ್ಕ. ರಾತ್ರಿ ಎರಡಕ್ಕೆ ಟಾರ್ಚು ಹಿಡಿದು ಮೋಟರ್ ಹಾಕಲು ಹೋದವರೆಲ್ಲ ಇದಕ್ಕೆ ಕೈ ಎತ್ತುತ್ತಾರೆ.

ಹೋದ ಬೇಸಿಗೆಯಲ್ಲಿ ನಮ್ಮ ಪಕ್ಕದ ತೋಟದ ಮೋಟರು ಎರಡನೆಯ ಸಲ ಸುಟ್ಟು, ಕಟ್ಟಿಸಿಕೊಂಡು ಬಂದು ಇಳಿಸಿದರು. ಮೇಸ್ತ್ರಿ ಕ್ಲಾಂಪ್ ಮೀಟರನ್ನು ಒಂದು ಫೇಸಿನ ವೈರಿಗೆ ಕಚ್ಚಿಸಿದ. ಹನ್ನೆರಡು ಆಂಪಿಯರ್. ವೋಲ್ಟು ನೋಡಿದ, ಸರಿಯಾಗಿಯೇ ಇತ್ತು. ಹೆಸರಿನ ತಗಡಿನ ಮೇಲೆ ಐದು ಎಚ್‌ಪಿ ಎಂದು ಅಚ್ಚೊತ್ತಿತ್ತು. 'ಏಳೂವರೆ ಮೋಟ್ರು ಸ್ವಾಮಿ ಇದು, ತಗಡು ಮಾತ್ರ ಐದರದ್ದು' ಅಂದ. ತೋಟದವರು ನನ್ನ ಮುಖ ನೋಡಿದರು, ನಾನು ಟಿಸಿಯ ಕಡೆ ನೋಡಿದೆ. ಅದಕ್ಕೆ ಕಟ್ಟಿದ್ದ ಇನ್ನೂ ಹನ್ನೊಂದು ಸ್ಟಾರ್ಟರುಗಳ ತಗಡು ಏನು ಹೇಳುತ್ತಿದೆಯೋ ಎಂದು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ನೀರು ಬಂತು.